ಪ್ರಿಯ ಲೇಟ್ ಅವರೇ

ಇಮೇಲ್ ಕಳಿಸಿ ಮಾಲು ಮಾರಬಹುದೆಂದು ಜಗತ್ತಿಗೆ ತೋರಿಸಿಕೊಟ್ಟವನು ಗ್ಯಾರಿ ಥರ್ಕ್ ಎಂಬ ಅಮೆರಿಕನ್. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪನಿಯ ಮಾರ್ಕೆಟಿಂಗ್ ವಿಭಾಗದಲ್ಲಿದ್ದ ಈ ಮಹಾನುಭಾವ 1978ರ ಮೇ 3ರಂದು, ಇಂಟರ್‌ನೆಟ್ಟಿನ ಮುತ್ತಜ್ಜನಾದ ಆರ್ಪಾನೆಟ್‌ನಲ್ಲಿದ್ದ ಸುಮಾರು 400 ಜನಕ್ಕೆ ಒಂದೇ ಏಟಿಗೆ ಪತ್ರ ಹಾಕಿದ. ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಹೊಸ ಕಂಪ್ಯೂಟರಿನ ಪ್ರದರ್ಶನವಿದೆ, ಬನ್ನಿ, ನೋಡಿ. ವಿಳಾಸಗಳನ್ನು ಅಚ್ಚಾದ ಡೈರೆಕ್ಟರಿ ನೋಡಿಕೊಂಡು ಕೈಯಾರೆ ಟೈಪ್ ಮಾಡಿಸಿದ್ದು. ಅವು ಎಷ್ಟಾದವೆಂದರೆ ತಮಗೆ ಮೀಸಲಾದ ಜಾಗ ತುಂಬಿ ಪತ್ರದ ಒಡಲಿಗೇ ನುಗ್ಗಿಬಿಟ್ಟವು. ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡಿನಲ್ಲಿ ನಡೆಯುತ್ತಿದ್ದ ಜಾಲದಲ್ಲಿ ವ್ಯಾಪಾರವೇ ಎಂದು ಕಂಪನಿಗೆ ಬೈಗುಳ ಬಿತ್ತು. ಕಂಪ್ಯೂಟರುಗಳೂ ಮಾರಾಟವಾದವು. 13 ಮಿಲಿಯನ್ ಡಾಲರಿನಷ್ಟು ವ್ಯಾಪಾರವಾಯಿತೆಂದು ಆತ ಆಮೇಲೆ ಹೇಳಿಕೊಂಡ.

ಈ ಪುರಾಣವನ್ನು ನನಗೆ ಹೇಳಿದ್ದು ಒಬ್ಬರು ಮಾರ್ಕೆಟಿಂಗ್ ಗುರುಗಳು. ಅದನ್ನೂ ಇಮೇಲಿನಲ್ಲೇ ಹೇಳಿದರು. ಬ್ಯಾಂಕಿನಲ್ಲಿ ಜೀವ ತೇಯ್ದು ನಿವೃತ್ತನಾದವನಿಗೆ ಭಾಗಾಕಾರ ತಾನಾಗಿಯೇ ಬರುತ್ತದೆ: ತಲೆಗೆ 32,500 ಡಾಲರ್! ನನ್ನ ಮಾಲು ಕಂಪ್ಯೂಟರಲ್ಲ, ಉಪ್ಪಿನಕಾಯಿ. ಹಾಗಾಗಿ ದೊಡ್ಡ ಮನಸ್ಸು ಮಾಡಿ ತಲೆಗೆ 325 ರೂಪಾಯಿಗೆ ಇಳಿಸಿಕೊಂಡೆ. ನನ್ನ ಆಸೆಗೆ ಮಿತಿಯಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಉಪ್ಪಿನಕಾಯಿ ನನ್ನದೂ ಅಲ್ಲ, ನನ್ನಾಕೆಯದು. ಅವಳ ತವರು ಸಾಗರದ ಕಡೆ. ಶರಾವತಿ, ವರದಾ, ಅಘನಾಶಿನಿ ಹರಿಯುವ ಆ ಸೀಮೆಯ ಹೊಳೆದಂಡೆಗಳಲ್ಲಿ ತಾನಾಗಿ ಬೆಳೆಯುವ ಅಪ್ಪೆಮಿಡಿಯನ್ನು ಬಲ್ಲವರಿಗೆ ನಾನು ವಿವರಿಸಬೇಕಿಲ್ಲ, ಅರಿಯದವರಿಗೆ ವಿವರಿಸಿ ಫಲವಿಲ್ಲ. ಅನಂತ ಭಟ್ಟನ ಅಪ್ಪೆ, ಮಾಲಂಜಿ ಎಂದು ಹೆಸರು ಹಿಡಿದೇ ಕೇಳುವವರಿದ್ದಾರೆ. ಜಿಐ ಟ್ಯಾಗಿನ ಗೌರವವೂ ಉಂಟು. ಗೊರಟು ಬಲಿಯುವ ಮೊದಲೇ, ತೊಟ್ಟು ಮುರಿಯದಂತೆ, ನೆಲಕ್ಕೆ ಬಿದ್ದು ಪೆಟ್ಟಾಗದಂತೆ ಕೊಯ್ಯಬೇಕು. ಸೊನೆ ಸೋರಿದರೆ ಪರಿಮಳವೂ ಸೋರಿತು. ಉಪ್ಪಿನಲ್ಲಿ ಚಿರುಟಿ ಮುದುಡಿದ ಮಿಡಿಗೆ ಸಾಸಿವೆ, ಬ್ಯಾಡಗಿ ಮೆಣಸಿನ ಖಾರ ಬೆರೆಸಿ ಅವಳು ಭರಣಿ ಕಟ್ಟಿಟ್ಟಳೆಂದರೆ ಮುಂದಿನ ಕೆಲಸವನ್ನು ಕಾಲವೇ ನೋಡಿಕೊಳ್ಳುತ್ತದೆ.

ಅವಳ ವ್ಯಾಪಾರವೋ, ನೋಡಿದರೆ ಕನಿಕರ ಬರಬೇಕು. ಮನೆಗೆ ಬಂದವರಿಗೆ ಊಟಕ್ಕೆ ಹಾಕುವಾಗ ಒಂದು ಮಿಡಿ ಬಡಿಸುತ್ತಾಳೆ. ಅವರು ಒಂದು ಕಡಿ ಕಡಿದು ಕಣ್ಣು ಮುಚ್ಚುತ್ತಾರೆ, ಕಣ್ಣು ತೆರೆದು "ಎಲ್ಲಿ ತಗೊಂಡ್ರಿ?" ಎನ್ನುತ್ತಾರೆ. ಅಷ್ಟೆ. ಲೀಡ್ ಇಲ್ಲ, ಫನೆಲ್ ಇಲ್ಲ, ಆಟೊಮೇಷನ್ ಇಲ್ಲ. ಪ್ರತಿ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಜಾಡಿಗಳು ಖಾಲಿಯಾಗಿರುತ್ತವೆ. ಹೀಗೆ ಅವೈಜ್ಞಾನಿಕವಾಗಿ ಎಲ್ಲ ಮಾಲೂ ಖರ್ಚಾಗಿಹೋಗುತ್ತಿರುವುದನ್ನು ನೋಡುತ್ತ ಕೂರಲು ನನ್ನಿಂದಾಗಲಿಲ್ಲ. "ಇದನ್ನ ಸ್ಕೇಲ್ ಮಾಡಬೇಕು" ಎಂದೆ. ಅವಳು ಅಡುಗೆಮನೆಯ ತಕ್ಕಡಿ ತಂದುಕೊಟ್ಟಳು.

ಗುರುಗಳು ಸಿಕ್ಕಿದ್ದು ಒಂದು ಪುಕ್ಕಟೆ ಪುಸ್ತಕದ ಮೂಲಕ. ‘ಅಪರಿಚಿತರನ್ನು ಗ್ರಾಹಕರನ್ನಾಗಿಸುವ ಗುಟ್ಟುಗಳು’ ಎಂಬ ಪಿಡಿಎಫ್. ಬೆಲೆ ಸೊನ್ನೆ, ಬದಲಿಗೆ ನಿಮ್ಮ ಇಮೇಲ್ ವಿಳಾಸ ಕೊಟ್ಟರೆ ಸಾಕು. ಕೊಟ್ಟೆ. ಮರುದಿನ ಬೆಳಗ್ಗೆ ಕಾಫಿಗಿಂತ ಮುಂಚೆ ಅವರ ಪತ್ರ ಬಂತು. ತಾವೂ ಒಂದು ಕಾಲಕ್ಕೆ ನನ್ನ ಹಾಗೆಯೇ ಇದ್ದರಂತೆ. ಅದರ ಮರುದಿನ ತಮ್ಮ ಸೋಲಿನ ಕಥೆ ಬರೆದರು. ಆಮೇಲೆ ತಾಯಿಯ ಆಶೀರ್ವಾದದ ಕಥೆ, ಆಮೇಲೆ ಹೊಸ ಕಾರಿನ ಚಿತ್ರ. ನನ್ನ ಸ್ವಂತ ತಮ್ಮ ಕೂಡ ಇಷ್ಟು ವಿಶ್ವಾಸದಿಂದ ನನಗೆ ಪತ್ರ ಬರೆದವನಲ್ಲ. ವಾರ ತುಂಬುವಷ್ಟರಲ್ಲಿ 499 ರೂಪಾಯಿಯ ಒಂದು ತರಗತಿಗೆ ಸೇರಿದ್ದೆ. ಆ ತರಗತಿಯ ಮುಖ್ಯ ಪಾಠ, 4,999 ರೂಪಾಯಿಯ ಇನ್ನೊಂದು ತರಗತಿ ಏಕೆ ಅನಿವಾರ್ಯ ಎಂಬುದು. ರಾತ್ರಿ ಹನ್ನೆರಡಕ್ಕೆ ಬಾಗಿಲು ಮುಚ್ಚುತ್ತದೆಂದು ಎಚ್ಚರಿಸಿದ್ದರು. ಹನ್ನೊಂದು ಐವತ್ತೈದಕ್ಕೆ ನುಗ್ಗಿದೆ. ಮಾರನೆಯ ದಿನವೂ ಬಾಗಿಲು ರಾತ್ರಿ ಹನ್ನೆರಡಕ್ಕೇ ಮುಚ್ಚಲಿತ್ತು. ಗುರುಗಳು ದಯಾಮಯಿ, ನನ್ನಂಥ ತಡಬಡಾಯಿಗಳಿಗಾಗಿ ದಿನವೂ ತೆರೆಯುತ್ತಾರೆ ಎಂದು ನನ್ನ ಭಕ್ತಿ ಹೆಚ್ಚಿತು.

ಮೊದಲನೆಯ ಉಪದೇಶ: ಹಣ ಇರುವುದು ಲಿಸ್ಟಿನಲ್ಲಿ. ಲಿಸ್ಟನ್ನು ಎಂದಿಗೂ ದುಡ್ಡು ಕೊಟ್ಟು ಕೊಳ್ಳಬಾರದು. ನಾನು ಕೊಳ್ಳಲಿಲ್ಲ. ನನ್ನ ಹಳೆಯ ಇಮೇಲ್ ಪೆಟ್ಟಿಗೆಯಲ್ಲೇ ನಿಧಿ ಇತ್ತು. ಒಂದು ಕಾಲದಲ್ಲಿ "ಇದನ್ನು ಹತ್ತು ಜನಕ್ಕೆ ಕಳಿಸಿದರೆ ಶುಭವಾರ್ತೆ, ಕಳಿಸದಿದ್ದರೆ ಕೇಡು" ಎಂಬ ಪತ್ರಗಳು ಬರುತ್ತಿದ್ದವಲ್ಲ, ಅವುಗಳ ನೆತ್ತಿಯ ಮೇಲೆ ಮುಂಚೆ ಹಾದುಬಂದ ಸಕಲರ ವಿಳಾಸಗಳೂ ಸಾಲುಗಟ್ಟಿ ನಿಂತಿರುತ್ತಿದ್ದವು. ಕೇಡಿನ ಹೆದರಿಕೆಯಿಂದ ಒಂದನ್ನೂ ನಾನು ಅಳಿಸಿರಲಿಲ್ಲ. ಅವನ್ನೆಲ್ಲ ಎತ್ತಿದೆ. ಜೊತೆಗೆ ನಮ್ಮ ಬ್ಯಾಂಕಿನ ನಿವೃತ್ತರ ಡೈರೆಕ್ಟರಿ, ಒಂದು ಮದುವೆಯ ಆಹ್ವಾನಿತರ ಪಟ್ಟಿ, ಅಪಾರ್ಟ್‌ಮೆಂಟಿನ ನೀರಿನ ಬಿಲ್ಲಿನ ಪಟ್ಟಿ. ಥರ್ಕ್‌ನ 400 ಜನ ನನ್ನ ಲೆಕ್ಕಕ್ಕೆ ಒಂದು ಓಣಿ.

ಚೈನ್ ಪತ್ರಗಳ ವಿಳಾಸಗಳಲ್ಲಿ ಹೆಚ್ಚಿನವು ಹಾಟ್‌ಮೇಲ್‌ನವು. ಆ ಹಾಟ್‌ಮೇಲನ್ನು 1996ರ ಜುಲೈ 4ರಂದು ಅಮೆರಿಕದಲ್ಲಿ ಶುರು ಮಾಡಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ನಮ್ಮ ಬೆಂಗಳೂರಿನಲ್ಲೇ ಶಾಲೆ ಕಲಿತು ಬೆಳೆದವರು. ಆ ಕಂಪನಿಯ ಜಾಣತನ ನೋಡಿ. ಜನ ತಂತಮ್ಮ ಬಂಧುಗಳಿಗೆ ಬರೆದ ಪ್ರತಿ ಪತ್ರದ ಬುಡದಲ್ಲೂ, ನೀವೂ ಪುಕ್ಕಟೆ ಖಾತೆ ತೆರೆಯಿರಿ ಎಂಬ ಒಂದೇ ಸಾಲನ್ನು ಅಂಟಿಸಿ ಬಿಟ್ಟರು. ಬರೆಯುವವರೇ ಪ್ರಚಾರಕರಾದರು. ಮರುವರ್ಷದ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಅದೇ ಬೆಂಗಳೂರಿನ ನೀರು ಕುಡಿದ ನಾನು ಅದೇ ಹಾಟ್‌ಮೇಲ್ ವಿಳಾಸಗಳಿಗೆ ಬರೆದರೆ, ಅವು ನನ್ನ ಮೂತಿಗೇ ವಾಪಸು ಬಂದವು. ವಿಳಾಸದಾರರು ಎಂದೋ ಮನೆ ಖಾಲಿ ಮಾಡಿದ್ದರು. ಕೆಲವು ಮಾತ್ರ ವಾಪಸು ಬರಲಿಲ್ಲ. ಯಾರೋ ಓದುತ್ತಿದ್ದಾರೆ ಎಂದು ನಾನು ಹಿಗ್ಗಿದೆ.

ಸಾಫ್ಟ್‌ವೇರ್‌ನಲ್ಲಿರುವ ಅಕ್ಕನ ಮಗಳು ತಲೆ ಚಚ್ಚಿಕೊಂಡಳು. "ಮಾಮಾ, ಯಾರೂ ಬಳಸದ ಹಳೇ ವಿಳಾಸಗಳನ್ನ ಕೆಲವು ಕಡೆ ಬೇಕಂತಲೇ ಜೀವಂತ ಇಟ್ಟಿರ್ತಾರೆ. ಅದಕ್ಕೆ ಯಾವನು ಬರೀತಾನೋ ಅವನು ಕೇಳಿ ಪಡೆದ ವಿಳಾಸಕ್ಕೆ ಬರೀತಿಲ್ಲ ಅಂತ ಅರ್ಥ. ಸ್ಪ್ಯಾಮ್ ಟ್ರ್ಯಾಪ್ ಅಂತಾರೆ. ನೀವು ಹೋಗಿ ಅದರೊಳಗೆ ಉಪ್ಪಿನಕಾಯಿ ಹಾಕಿದೀರ!"

ಹೆಸರುಗಳ ಕಥೆ ಬೇರೆಯೇ. ಓದುವವರನ್ನು ಹೆಸರು ಹಿಡಿದು ಕರೆಯಿರಿ, ಅಪರಿಚಿತ ಅಲ್ಲಿಗೇ ಅರ್ಧ ಕರಗುತ್ತಾನೆ ಎಂದಿದ್ದರು ಗುರುಗಳು. ಪಟ್ಟಿಯಲ್ಲಿ ‘ಮೊದಲ ಹೆಸರು’ ಎಂಬ ಅಂಕಣ ತೋರಿಸಿದರೆ ಯಂತ್ರವೇ ಅದನ್ನೆತ್ತಿ "ಪ್ರಿಯ" ಎಂಬುದರ ಮುಂದೆ ಕೂರಿಸುತ್ತದೆ. ಯಂತ್ರ ಮಾಡಿದವರ ಊರಿನಲ್ಲಿ ಜನಕ್ಕೆ ಮೊದಲ ಹೆಸರು ಮೊದಲು ಇರುತ್ತದೆ. ನಮ್ಮಲ್ಲಿ ಮೊದಲು ಊರು ಇರುತ್ತದೆ, ಆಮೇಲೆ ಅಪ್ಪ, ಕಡೆಗೆ ಜಾಗ ಉಳಿದರೆ ಮನುಷ್ಯ. ಹಾಗಾಗಿ ಅರ್ಧ ಕರ್ನಾಟಕಕ್ಕೆ "ಪ್ರಿಯ ಎಚ್ ಅವರೇ" ಎಂದು ಪತ್ರ ಹೋಯಿತು. ಹಿರಿಯ ವೈದ್ಯರೊಬ್ಬರು "ಪ್ರಿಯ ಡಾ" ಆದರು. ನನಗೆ ಹಿಂದೆ ಮೇಲಧಿಕಾರಿಯಾಗಿದ್ದ, ಎದುರಿಗೆ ನಿಂತು ಕೆಮ್ಮಲೂ ನಾನು ಹೆದರುತ್ತಿದ್ದ ಮಹನೀಯರು "ಪ್ರಿಯ ತೀರ್ಥಹಳ್ಳಿ ಅವರೇ, ನಿಮ್ಮ ನಾಲಿಗೆ ನನ್ನನ್ನು ನೆನೆಯುತ್ತಿದೆಯೇ?" ಎಂಬ ಪತ್ರ ಪಡೆದರು.

ನಿವೃತ್ತರ ಡೈರೆಕ್ಟರಿಯನ್ನು ನಮ್ಮ ಸಂಘದವರು ಬಹಳ ನಿಷ್ಠೆಯಿಂದ ತಿದ್ದುತ್ತ ಬಂದಿದ್ದರು. ಅಗಲಿದವರ ಹೆಸರು ತೆಗೆದಿರಲಿಲ್ಲ, ಹಿಂದೆ ಇಂಗ್ಲಿಷಿನಲ್ಲಿ ‘ಲೇಟ್’ ಎಂದು ಸೇರಿಸಿ ಮನೆಯವರ ಇಮೇಲ್ ವಿಳಾಸ ಹಾಕಿದ್ದರು. ಯಂತ್ರ ಭೇದ ಮಾಡಲಿಲ್ಲ. "ಪ್ರಿಯ ಲೇಟ್ ಅವರೇ, ನಾವು ಮಾತಾಡಿ ಬಹಳ ದಿನವಾಯಿತು. ಹೇಗಿದ್ದೀರಿ? ಇನ್ನೂ ತಡ ಮಾಡಬೇಡಿ, ಈ ಅವಕಾಶ ಇಂದು ರಾತ್ರಿ ಹನ್ನೆರಡರವರೆಗೆ ಮಾತ್ರ."

ಇಡೀ ಅಭಿಯಾನದಲ್ಲಿ ತಕ್ಷಣ ಬಂದ ಉತ್ತರವೆಂದರೆ ಇದಕ್ಕೇ. ಒಬ್ಬರ ಮಗ ಬರೆದಿದ್ದರು: "ಅಪ್ಪ ಮಾತು ನಿಲ್ಲಿಸಿ ಮೂರು ವರ್ಷವಾಯಿತು. ಆದರೆ ಅಪ್ಪೆಮಿಡಿ ಎಂದರೆ ಅವರಿಗೆ ಪ್ರಾಣ. ಮುಂದಿನ ವಾರ ತಿಥಿ ಇದೆ. ಎಡೆಗೆ ಇಡುತ್ತೇವೆ, ಒಂದು ಜಾಡಿ ಕಳಿಸಿ." ಕಳಿಸಿದೆ. ಹಣವೂ ಬಂತು. ಪರಲೋಕವಾಸಿಗಳ ನಡುವೆ ನನ್ನ ಪತ್ರದ ಪ್ರಭಾವವನ್ನು ಅಂದಿನಿಂದ ಯಾರೂ ಪ್ರಶ್ನಿಸುವಂತಿಲ್ಲ. ಸಮಸ್ಯೆ ಇದ್ದುದು ಬದುಕಿರುವವರಲ್ಲಿ.

ಬದುಕಿರುವವರು ಪತ್ರ ತೆರೆಯಬೇಕಾದರೆ ಸಬ್ಜೆಕ್ಟ್ ಲೈನ್ ಹೊಡೆತ ಕೊಡಬೇಕು ಎಂಬುದು ಎರಡನೆಯ ಉಪದೇಶ. ಕುತೂಹಲ ಕೆರಳಬೇಕು, ಸ್ವಲ್ಪ ಆತಂಕ ಹುಟ್ಟಬೇಕು. ನನಗೆ ಬರುವ ಭಾಷೆ ಬ್ಯಾಂಕಿನದು. "ನಿಮ್ಮ ಖಾತೆಯ ಬಗ್ಗೆ: ಒಂದು ಬಾಕಿ ಉಳಿದಿದೆ" ಎಂದು ಬರೆದೆ. ಒಳಗೆ ಓದಿದರೆ, ಬಾಕಿ ಉಳಿದಿರುವುದು ಒಂದು ಜಾಡಿ ಎಂದು ತಿಳಿದು ನಗು ಬರಬೇಕು. ನಿವೃತ್ತ ಬ್ಯಾಂಕ್ ನೌಕರರು ಇಂಥ ಪತ್ರವನ್ನು ಒಳಗೆ ಓದುವವರಲ್ಲ. ಅವರೇ ಜೀವನಪೂರ್ತಿ ಗ್ರಾಹಕರಿಗೆ, ಇಂಥದ್ದನ್ನು ತೆರೆಯಬೇಡಿ ಎಂದು ಬೋಧಿಸಿದವರು. ಇಬ್ಬರು ಶಾಖೆಗೆ ಓಡಿದರು. ಒಬ್ಬರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿ, ನನ್ನ ಹೆಸರಿನಲ್ಲಿ ಯಾರೋ ಕಳ್ಳ ಪತ್ರ ಬರೆಯುತ್ತಿದ್ದಾನೆಂದು ದೂರಿ, ಆಮೇಲೆ ನನಗೂ ಫೋನ್ ಮಾಡಿ ಜಾಗ್ರತೆ ಹೇಳಿದರು. "ಪಾಪ, ನಿಮ್ಮ ಹೆಸರು ಕೆಡಿಸ್ತಿದಾನೆ ನೋಡಿ." ಅವನು ಸಿಕ್ಕರೆ ಬಿಡುವುದಿಲ್ಲ ಎಂದೆ.

ಮೂರನೆಯ ತಂತ್ರ ಇನ್ನೂ ನವಿರು. ಸಬ್ಜೆಕ್ಟಿನ ಮೊದಲಿಗೆ ‘ರೀ’ ಎಂದು ಹಾಕಿದರೆ, ತಾವು ಬರೆದ ಪತ್ರಕ್ಕೇ ಉತ್ತರ ಬಂದಿದೆ ಎಂದುಕೊಂಡು ಜನ ತೆರೆಯುತ್ತಾರೆ. ಅಮೆರಿಕದಲ್ಲಿ 2003ರಲ್ಲೇ ಬಂದ ಕ್ಯಾನ್-ಸ್ಪ್ಯಾಮ್ ಕಾಯಿದೆ, ಓದುಗರನ್ನು ದಾರಿ ತಪ್ಪಿಸುವ ಸಬ್ಜೆಕ್ಟ್ ಲೈನ್ ಕೂಡದು ಎನ್ನುತ್ತದಂತೆ. ನಾವು ಇರುವುದು ವಿಜಯನಗರದಲ್ಲಿ, ಅಮೆರಿಕದ ಕಾಯಿದೆಗೇನು ಕೆಲಸ ಎಂದು ಹಾಕಿಯೇ ಬಿಟ್ಟೆ. "ರೀ: ನೀವು ಕೇಳಿದ ಉಪ್ಪಿನಕಾಯಿ." ಜನ ತೆರೆದರು, ಒಪ್ಪುತ್ತೇನೆ. ಆದರೆ ದೂರದ ಸಂಬಂಧದ ಒಬ್ಬ ಚಿಕ್ಕಮ್ಮ, ತಾನು ಯಾವಾಗ ಕೇಳಿದೆನೆಂದು ಎರಡು ದಿನ ಯೋಚಿಸಿ, ನೆನಪಾಗದೆ, ಮರೆವಿನ ಕಾಯಿಲೆ ಶುರುವಾಯಿತೆಂದು ನರರೋಗ ತಜ್ಞರ ಬಳಿ ಹೋಗಿಬಿಟ್ಟಳು. ತಲೆಯ ಸ್ಕ್ಯಾನ್ ಆಯಿತು. ತಲೆ ಸರಿಯಾಗಿದೆ ಎಂದು ವರದಿ ಬಂತು. ಆ ಮನೆಯವರು ವರದಿಯ ಪ್ರತಿಯನ್ನು ನನಗೆ ಕಳಿಸಿ, ನಾನೂ ಒಂದು ಮಾಡಿಸಿಕೊಳ್ಳುವುದು ಒಳ್ಳೆಯದೆಂದು ಸೂಚಿಸಿದ್ದಾರೆ.

ಇಷ್ಟಾದರೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಓಪನ್ ರೇಟ್. ಪ್ರತಿ ಪತ್ರದಲ್ಲೂ ಕಣ್ಣಿಗೆ ಕಾಣದ, ಒಂದೇ ಪಿಕ್ಸೆಲಿನ ಚಿತ್ರವೊಂದನ್ನು ಹುದುಗಿಸಿರುತ್ತಾರೆ. ಓದುವವರ ಫೋನು ಆ ಚಿತ್ರವನ್ನು ಸರ್ವರಿನಿಂದ ತರಿಸಿಕೊಂಡ ಕ್ಷಣವೇ ಇಂಥವರು ಇಷ್ಟು ಹೊತ್ತಿಗೆ ತೆರೆದರು ಎಂದು ದಾಖಲಾಗುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಐಫೋನಿನ ಭಾಗ್ಯವಂತರೆಲ್ಲ ನನ್ನ ಪತ್ರ ತೆರೆದಿದ್ದರು! ನ್ಯೂಜೆರ್ಸಿಯ ದೊಡ್ಡಪ್ಪನ ಮಗನಂತೂ ಪ್ರತಿಯೊಂದನ್ನೂ ಬಿಡದೆ. ಆನಂದ ತಡೆಯದೆ ಫೋನ್ ಮಾಡಿ, "ನಿನ್ನೆ ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಓದಿದೆಯಲ್ಲೋ, ನಿದ್ದೆ ಬರ್ಲಿಲ್ವಾ?" ಎಂದೆ. ಆ ಕಡೆ ಮೌನ. ಆಮೇಲೆ, "ನಾನು ಮೂರು ಗಂಟೆಗೆ ಏನ್ ಮಾಡ್ತಿದ್ದೆ ಅಂತ ನಿನಗೆ ಹೇಗೆ ಗೊತ್ತು?" ಪಕ್ಕದಲ್ಲಿ ಅವನ ಹೆಂಡತಿಯೂ ಅದೇ ಪ್ರಶ್ನೆ ಕೇಳುತ್ತಿದ್ದುದು ಕೇಳಿಸಿತು.

ಅಕ್ಕನ ಮಗಳು ಬಿಡಿಸಿ ಹೇಳಿದಳು. 2021ರಿಂದ ಆಪಲ್‌ನವರು ತಮ್ಮ ಮೇಲ್ ಆ್ಯಪ್‌ನಲ್ಲಿ ಗೌಪ್ಯತೆಯ ಹೊಸ ಏರ್ಪಾಟು ತಂದಿದ್ದಾರೆ. ಅದಕ್ಕೆ ಒಪ್ಪಿದವರ ಪತ್ರಗಳ ಚಿತ್ರಗಳನ್ನು, ಅವರು ಓದಲಿ ಬಿಡಲಿ, ಕಂಪನಿಯ ಯಂತ್ರಗಳೇ ಮುಂಚಿತವಾಗಿ ತರಿಸಿಟ್ಟುಕೊಳ್ಳುತ್ತವೆ. ಕಳಿಸಿದವನ ಲೆಕ್ಕದಲ್ಲಿ ಎಲ್ಲರೂ ತೆರೆದ ಹಾಗೆ ಕಾಣುತ್ತದೆ. ಕೊಂಡಿ ಒತ್ತಿದವರೆಂದು ನಾನು ಗುರುತು ಹಾಕಿಕೊಂಡಿದ್ದವರಲ್ಲೂ ಕೆಲವರು ಮನುಷ್ಯರಲ್ಲ, ಅವರ ಕಚೇರಿಗಳಲ್ಲಿ ವೈರಸ್ ತಪಾಸಣೆ ಮಾಡುವ ಸಾಫ್ಟ್‌ವೇರ್. ಅಂದರೆ ನನ್ನ ಬರವಣಿಗೆಗೆ ಮನಸೋತು, ಸಾಲು ಬಿಡದೆ ಓದಿ, ಕೊಂಡಿ ಒತ್ತಿ, ಉಪ್ಪಿನಕಾಯಿಯ ಚಿತ್ರವನ್ನು ಕಣ್ತುಂಬ ನೋಡಿದ ನಿಷ್ಠಾವಂತ ಓದುಗರೆಲ್ಲ ಯಂತ್ರಗಳು. ಅವಕ್ಕೆ ನಾಲಿಗೆ ಇಲ್ಲ ಎಂಬುದೊಂದೇ ಕೊರತೆ.

"ಯಾರು ಎಷ್ಟೊತ್ತಿಗೆ ಏನು ಓದ್ತಾರೆ ಅಂತ ಕಿಟಕೀಲಿ ಇಣುಕೋದು ಮರ್ಯಾದಸ್ಥರ ಕೆಲಸವಾ?" ಎಂದಳು ನನ್ನಾಕೆ. ಇದು ಅನಲಿಟಿಕ್ಸ್ ಎಂದೆ. "ಹೆಸರು ಚೆನ್ನಾಗಿದೆ" ಎಂದಳು.

ಆಟೊಮೇಷನ್ ಬಂದ ಮೇಲೆ ಎಲ್ಲವೂ ನನ್ನ ಕೈ ಮೀರಿತು. ನನ್ನ ಆನ್‌ಲೈನ್ ಅಂಗಡಿಯ ಪುಟಕ್ಕೆ ಬಂದು, ಜಾಡಿಯನ್ನು ಬುಟ್ಟಿಗೆ ಹಾಕಿ, ಹಣ ಕೊಡದೆ ಹೋದವರಿಗೆ ಯಂತ್ರ ತಾನೇ ನೆನಪಿಸಬೇಕು. "ನೀವು ನಮ್ಮಲ್ಲಿ ಏನನ್ನೋ ಬಿಟ್ಟು ಹೋಗಿದ್ದೀರಿ!" ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಅತ್ತಿಗೆ, ಕುತೂಹಲಕ್ಕೆ ಆ ಪುಟ ಒತ್ತಿ ನೋಡಿದ್ದಳಂತೆ. ಈ ಪತ್ರ ಓದಿ ಕೊಡೆ ಮರೆತೆನೋ, ಓಲೆ ಬಿತ್ತೋ ಎಂದು ಮೈಯೆಲ್ಲ ತಡವಿಕೊಂಡು ಆಟೊ ಹತ್ತಿ ಬಂದಳು. ನಾಲ್ಕು ಜನ ಸೇರಿ ಸೋಫಾ ಎತ್ತಿ ಹುಡುಕಿದೆವು. ಸೋಫಾದಡಿ ನನ್ನ ಹಳೆಯ ಎಟಿಎಂ ಕಾರ್ಡು ಸಿಕ್ಕಿತು, ಅಷ್ಟೇ ಲಾಭ. ಅದಾದ ಮೇಲೂ ಯಂತ್ರ ಅವಳಿಗೆ ಬರೆಯುತ್ತಲೇ ಇತ್ತು. "ಇನ್ನೂ ಸಮಯವಿದೆ." "ನಿಮಗಾಗಿ ಕಾಯುತ್ತಿದ್ದೇವೆ." "ಇದು ಕೊನೆಯ ಎಚ್ಚರಿಕೆ."

ಆಗ ಶುರುವಾಯಿತು ಅನ್‌ಸಬ್‌ಸ್ಕ್ರೈಬ್ ಪರ್ವ. ಅಂಚೆ ಕಳಿಸುವವರ ಮೇಲೆ ಗೂಗಲ್ ಮತ್ತು ಯಾಹೂ 2024ರ ಫೆಬ್ರುವರಿಯಿಂದ ಬಿಗಿ ನಿಯಮ ಹೇರಿವೆ. ಗೂಗಲ್‌ನ ಲೆಕ್ಕದಲ್ಲಿ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರು, ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬೀಳುವ ಸೌಲಭ್ಯ ಕೊಡಲೇಬೇಕು. ನಾನು ಅಷ್ಟು ದೊಡ್ಡವನಲ್ಲದಿದ್ದರೂ, ಒಂದು ದಿನ ಆಗುವವನು ಎಂಬ ಘನತೆಯಿಂದ ಆ ಗುಂಡಿಯನ್ನು ಇಟ್ಟಿದ್ದೆ. ನನ್ನ ಪತ್ರಗಳಲ್ಲಿ ಜನ ಅತಿ ಹೆಚ್ಚು ಒತ್ತಿದ್ದು ಅದನ್ನೇ. ಕಾರಣ ತಿಳಿಸಿ ಎಂಬ ಜಾಗದಲ್ಲಿ ಒಬ್ಬರು ‘ಆರೋಗ್ಯ’ ಎಂದಷ್ಟೇ ಬರೆದಿದ್ದರು. ಹೋದವರ ಪಟ್ಟಿಯಲ್ಲಿ ನನ್ನ ಭಾವಮೈದುನನ ಹೆಸರು ಕಂಡು ಎದೆ ಧಸಕ್ಕೆಂದಿತು. ಹೊಳೆದಂಡೆಯ ಮರಕ್ಕೆ ಆಳು ಹತ್ತಿಸಿ, ಗೋಣಿತಾಟಿನಲ್ಲಿ ಮಿಡಿ ಇಳಿಸಿ, ಬುಟ್ಟಿ ಕಟ್ಟಿ ಬೆಂಗಳೂರಿಗೆ ಕಳಿಸುವವನೇ ಅವನು. ಫೋನ್ ಮಾಡಿದರೆ, "ಭಾವ, ನಮ್ಮ ಮರದ ಮಿಡಿನ ನನಗೇ ಶೇಕಡಾ ಹತ್ತು ರಿಯಾಯಿತಿಗೆ ಕೊಡ್ತೀನಿ ಅಂತ ದಿನಾ ಬರೀತೀರಲ್ಲ" ಎಂದ. ಆ ವರ್ಷ ಬುಟ್ಟಿ ತಡವಾಗಿ ಬಂತು, ಅವನ ಅಕ್ಕನ ಹೆಸರಿಗೆ ಮಾತ್ರ.

ಗುಂಡಿ ಹುಡುಕುವ ವ್ಯವಧಾನವಿಲ್ಲದವರು ಸ್ಪ್ಯಾಮ್ ಎಂದು ಒತ್ತಿದರು. ಆ ದೂರುಗಳು ಸಾವಿರಕ್ಕೆ ಮೂರು ಮುಟ್ಟಬಾರದು ಎಂಬುದೂ ಗೂಗಲ್‌ನವರ ನಿಯಮ. ಪುಣ್ಯಾತ್ಮರು ನಮ್ಮ ನೆಂಟರನ್ನು ನೋಡಿಲ್ಲ. ನಮ್ಮಲ್ಲಿ ದೂರು ಹೇಳದವರೇ ಸಾವಿರಕ್ಕೆ ಮೂರು.

"ನಿಮ್ಮ ಡೊಮೈನಿಗೆ ಎಸ್‌ಪಿಎಫ್ ಇದೆಯಾ, ಡಿಕಿಮ್ ಇದೆಯಾ, ಡಿಮಾರ್ಕ್ ಇದೆಯಾ?" ಎಂದು ಅಕ್ಕನ ಮಗಳು ವೈದ್ಯರ ಧಾಟಿಯಲ್ಲಿ ಕೇಳಿದಳು. ಸಕ್ಕರೆ, ಬಿಪಿ ಬಿಟ್ಟರೆ ಏನೂ ಇಲ್ಲ ಎಂದೆ. ಅವಳು ನನ್ನ ಭಾಷೆಗಿಳಿಸಿ ತಿಳಿಸಿದಳು. ಬ್ಯಾಂಕಿನಲ್ಲಿ ಚೆಕ್ಕು ಬಂದರೆ ಮಾದರಿ ಸಹಿ ನೋಡುವುದಿಲ್ಲವೇ? ಹಾಗೆಯೇ ಈ ಪತ್ರ ಕಳಿಸಲು ಯಾವ ಸರ್ವರಿಗೆ ಅಧಿಕಾರವಿದೆ ಎಂಬ ಪಟ್ಟಿ ಎಸ್‌ಪಿಎಫ್, ಪತ್ರದ ಮೇಲಿನ ಸಹಿ ಡಿಕಿಮ್, ತಾಳೆಯಾಗದಿದ್ದರೆ ಏನು ಮಾಡಬೇಕೆಂಬ ಆದೇಶ ಡಿಮಾರ್ಕ್. ನನ್ನ ಪತ್ರಗಳಿಗೆ ಈ ಮೂರೂ ಇರಲಿಲ್ಲ. ಸಹಿಯಿಲ್ಲದ ಚೆಕ್ಕನ್ನು ವೃತ್ತಿಜೀವನದುದ್ದಕ್ಕೂ ಕೆಂಪು ಶಾಯಿಯಲ್ಲಿ ಗೀಚಿ ಎಸೆದವನು ನಾನು. ಕೊನೆಗೆ ಪರೀಕ್ಷೆಗೆಂದು ನನಗೆ ನಾನೇ ಒಂದು ಪತ್ರ ಬರೆದುಕೊಂಡೆ. ಅದು ನನ್ನ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಸಿಕ್ಕಿತು. ನನ್ನ ಜಿಮೇಲಿಗೂ ನಾನು ಅಪರಿಚಿತ.

ಇದೇ ವೇಳೆಗೆ ನನ್ನಾಕೆ ತವರಿಂದ ರೈಲಿನಲ್ಲಿ ವಾಪಸಾಗುತ್ತಿದ್ದಳು. ತಾಳಗುಪ್ಪದ ಗಾಡಿ. ಶಿವಮೊಗ್ಗ ದಾಟಿದ ಮೇಲೆ ಮೊಸರನ್ನದ ಡಬ್ಬಿ ಬಿಚ್ಚಿ ಒಂದು ಮಿಡಿ ಹೊರತೆಗೆದಳಂತೆ. ಭದ್ರಾವತಿ ಬರುವಷ್ಟರಲ್ಲಿ ಇಡೀ ಬೋಗಿ ಮೂಗರಳಿಸಿತ್ತು. ಎದುರು ಸೀಟಿನವರು ಕೇಳಿದರು. ಮೇಲಿನ ಬರ್ತಿನವರು ಕೆಳಗಿಳಿದರು. ಬೀರೂರಿನಲ್ಲಿ ರುಚಿ ನೋಡುವುದು ಮುಗಿದು ಅರಸೀಕೆರೆಯಲ್ಲಿ ಫೋನ್ ನಂಬರುಗಳ ವಿನಿಮಯವಾಯಿತು. ಬೆಂಗಳೂರಿನಲ್ಲಿ ಇಳಿಯುವಾಗ ಆ ವರ್ಷದ ಮಾಲೆಲ್ಲ ಮಾತಾಡಿಯಾಗಿತ್ತು. ಸೇತ್ ಗೋಡಿನ್ ಎಂಬ ಅಮೆರಿಕನ್ ಪಂಡಿತ 1999ರಲ್ಲಿ ‘ಪರ್ಮಿಷನ್ ಮಾರ್ಕೆಟಿಂಗ್’ ಎಂಬ ಇಡೀ ಗ್ರಂಥ ಬರೆದು, ಜನ ತಾವಾಗಿ ಒಪ್ಪಿ ಎದುರುನೋಡುವ ಹಾಗೆ ಅವರ ಜೊತೆ ಮಾತಾಡಿ ಎಂದು ಬೋಧಿಸಿದ. ಇವಳು ಅದನ್ನು ಓದಿಲ್ಲ, ಡಬ್ಬಿಯ ಮುಚ್ಚಳ ತೆಗೆದಳು ಅಷ್ಟೆ. ಆ ಸೌಲಭ್ಯ ಇಮೇಲಿನಲ್ಲಿ ಇಲ್ಲ, ಪರಿಮಳ ಅಟ್ಯಾಚ್ ಆಗುವುದಿಲ್ಲ ಎಂದು ನಾನು ಸಮರ್ಥಿಸಿಕೊಂಡೆ. ತಾಂತ್ರಿಕವಾಗಿ ನನ್ನ ಮಾತಿನಲ್ಲಿ ದೋಷವಿಲ್ಲ.

ವರ್ಷಾಂತ್ಯಕ್ಕೆ ಹಳೆಯ ಅಭ್ಯಾಸದಂತೆ ಲೆಕ್ಕ ತೆಗೆದೆ. ಜಮೆ: ಒಂದು ಜಾಡಿ, ದಿವಂಗತರ ಬಾಬ್ತು. ಖರ್ಚು: ಪ್ರಾಥಮಿಕ ತರಗತಿ, ಪ್ರೌಢ ತರಗತಿ, ಸಬ್ಜೆಕ್ಟ್ ಲೈನ್‌ಗಳ ಸಂಗ್ರಹ, ಟೆಂಪ್ಲೇಟ್‌ಗಳ ಕಂತೆ, ಅಂಚೆ ಯಂತ್ರದ ಮಾಸಿಕ ಬಾಡಿಗೆ, ಸ್ಪ್ಯಾಮಿನಿಂದ ಹೊರಬರುವ ಬಗೆ ಎಂಬ ವಿಶೇಷ ಉಪನ್ಯಾಸ. ಎಲ್ಲವೂ ಇಮೇಲ್ ಮೂಲಕವೇ ಬಂದವು. ಎಲ್ಲವನ್ನೂ ಕಂಡು ಕೇಳರಿಯದವರಿಂದಲೇ ಕೊಂಡೆ. ಆ ಪುಕ್ಕಟೆ ಪಿಡಿಎಫ್‌ನಿಂದ ಹಿಡಿದು ಗುರುಗಳು ತಿಂಗಳುಗಟ್ಟಲೆ ಸಿದ್ಧಾಂತ ಬೋಧಿಸಿರಲಿಲ್ಲ, ನನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದರು. ಅಪರಿಚಿತನೊಬ್ಬ ಹಂತಹಂತವಾಗಿ ಗ್ರಾಹಕನಾಗುವುದನ್ನು ಇಷ್ಟು ಹತ್ತಿರದಿಂದ ಕಂಡವರು ವಿರಳ. ಇಮೇಲ್ ಮಾರ್ಕೆಟಿಂಗ್ ಕೆಲಸ ಮಾಡುವುದಿಲ್ಲ ಎನ್ನುವವರನ್ನು ನನ್ನ ಬಳಿ ಕಳಿಸಿ, ಪಾಸ್‌ಬುಕ್ ತೋರಿಸುತ್ತೇನೆ.

"ಮೊದಲು ಆ ಮನುಷ್ಯನ ಪಟ್ಟಿಯಿಂದ ಹೊರಗೆ ಬನ್ನಿ" ಎಂದು ನನ್ನಾಕೆ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಳು. ಗುರುಗಳ ಪತ್ರದ ತಳಕ್ಕೆ ಹೋಗಿ, ಮಸುಕು ಅಕ್ಷರದ ಅನ್‌ಸಬ್‌ಸ್ಕ್ರೈಬ್ ಒತ್ತಿದೆ. ಪುಟ ತೆರೆಯಿತು. "ಹೋಗುತ್ತಿದ್ದೀರಾ? ಒಂದು ನಿಮಿಷ!" ಬಿಟ್ಟು ಹೋಗುವ ಗ್ರಾಹಕರನ್ನು ತಡೆದು ನಿಲ್ಲಿಸುವುದು ಹೇಗೆ ಎಂಬ ಹೊಸ ತರಗತಿ ಶುರುವಾಗಿದೆಯಂತೆ, ಬಿಟ್ಟು ಹೋಗುತ್ತಿರುವವರಿಗೆ ಮಾತ್ರ ಅರ್ಧ ಬೆಲೆಗೆ. ನನಗೆ ಅತಿ ಅಗತ್ಯವಿದ್ದ ವಿದ್ಯೆಯೇ ಅದು. ಭಾವಮೈದುನನನ್ನು ವಾಪಸು ತರಬೇಕಲ್ಲ!

"ಏನಾಯ್ತು, ಹೊರಗೆ ಬಂದಿರಾ?" ಎಂದಳು.

"ಬರ್ತಾ ಇದೀನಿ. ಒಂದು ಒಟಿಪಿ ಬರಬೇಕು" ಎಂದೆ.